ಹಳೇ ಮೆಷಿನ್ನಿಗೆ ಹೊಸ ಲೈನು

ಶಾಖೆಯ ಹಿಂದಿನ ಲಾಡ್ಜು, ಮಹಡಿ ಕೋಣೆ
ಹದಿನಾರನೇ ತಾರೀಖು, ಗುರುವಾರ ಸಂಜೆ

ಪ್ರೀತಿಯ ಇವಳೇ,

ಹೇಗಿದ್ದೀಯ? ಸೊಂಟದ ನೋವು ಸ್ವಲ್ಪ ಇಳಿಯಿತೇ? ರಕ್ತ ಕಡಿಮೆ ಇದೆಯೆಂದು ಡಾಕ್ಟರು ಕೊಟ್ಟ ಮಾತ್ರೆಗಳನ್ನು ನುಂಗುತ್ತಿದ್ದೀಯೋ, ದಿಂಬಿನ ಕೆಳಗೆ ಸೇರಿಸುತ್ತಿದ್ದೀಯೋ? ಅತ್ತೆಯವರ ಮಂಡಿ ಹೇಗಿದೆ? ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ‘ಊಟ ಆಯ್ತಾ’ ಎಂದು ನಾನು ಕೇಳುತ್ತೇನೆ, ‘ಆಯ್ತು, ನಿಮ್ದು?’ ಎಂದು ನೀನು ಕೇಳುತ್ತೀ, ಅಲ್ಲಿಗೆ ಇಬ್ಬರಿಗೂ ಮುಂದೇನೂ ತೋಚುವುದಿಲ್ಲ. ಅದಕ್ಕೇ ಬರೆಯಲು ಕೂತೆ. ಮದುವೆಯಾದ ಹೊಸದರಲ್ಲಿ ಹೆಸರು ಹಿಡಿದು ಕರೆಯಲು ನಾಚಿಕೆಯಾಗಿ ‘ಇವಳೇ’ ಎಂದದ್ದು ಅಂಟಿಕೊಂಡುಬಿಟ್ಟಿತಲ್ಲ, ಕಾಗದದ ಮೇಲೂ ಅದೇ ಬಂತು. ನಗಬೇಡ. ನಕ್ಕರೂ ಪರವಾಗಿಲ್ಲ.

ಪಾಪು ಹೋದ ಮೇಲೆ ನೀನು ತವರಿಗೆ ಹೋದದ್ದು ಒಳ್ಳೆಯದೇ ಆಯಿತು. ಮರುವಾರವೇ ನಾನೂ ರಜೆ ಸಾಕುಮಾಡಿ ಕೆಲಸಕ್ಕೆ ಹೋದೆ. ನಮ್ಮ ಪಾರ್ಸೆಲ್ ಕಂಪನಿಯ ಶಾಖೆಗಳಿಗೆಲ್ಲ ಈಗ ಇಂಟರ್ನೆಟ್ ಲೈನು ಬಂದಿದೆ, ತಿಂಗಳ ಕೊನೆಗೆ ಹಳೇ ಟೆಲಿಫೋನ್ ಲೈನುಗಳನ್ನು ತೆಗೆದುಬಿಡುತ್ತಾರೆ. ಆದರೆ ಶಾಖೆಗಳಲ್ಲಿರುವ ಫ್ಯಾಕ್ಸು, ಒಟ್ಟಿಗೆ ಮೂರು ಪ್ರತಿ ಹೊಡೆಯುವ ಕರಕರ ಪ್ರಿಂಟರು, ಎಲ್ಲ ನಮ್ಮ ಮದುವೆಗಿಂತ ಹಳೆಯವು, ಹೊಸ ಲೈನನ್ನು ನೇರವಾಗಿ ಚುಚ್ಚಲು ಅವಕ್ಕೆ ಜಾಗವೇ ಇಲ್ಲ. ಗುಜರಿಗೆ ಹಾಕೋಣವೆಂದರೆ ಹಳೇ ಗಿರಾಕಿಗಳು ಇನ್ನೂ ಫ್ಯಾಕ್ಸಿನಲ್ಲೇ ಆರ್ಡರು ಕಳಿಸುತ್ತಾರೆ, ಲಾರಿಯವರು ಕಾರ್ಬನ್ ಪ್ರತಿ ಕೈಗೆ ಬರದೆ ಸರಕು ಮುಟ್ಟುವುದಿಲ್ಲ. ಹಾಗಾಗಿ ನಡುವೆ ಅಂಗೈಯಗಲದ ಒಂದು ಪೆಟ್ಟಿಗೆ ಕೂರಿಸಬೇಕು. ಹಳೇ ಮೆಷಿನ್ನಿನ ವೈರು ಈ ಕಡೆ, ಹೊಸ ಲೈನು ಆ ಕಡೆ. ಒಂದು ಶಾಖೆ ಮುಗಿಸಿ ಬಸ್ಸು ಹತ್ತಿ ಇನ್ನೊಂದಕ್ಕೆ ಹೋಗುವುದು. ‘ನಿಮಗೀಗ ಬೇಡ, ಬೇರೆ ಯಾರನ್ನಾದ್ರೂ ಕಳಿಸ್ತೀನಿ’ ಎಂದು ಸಾಹೇಬರು ಹೇಳಿದರು. ನಾನೇ ಕೇಳಿ ತೆಗೆದುಕೊಂಡೆ. ಕೆಳಗಿನ ಮನೆಯವರು ಈಗಲೂ ಸ್ಕೂಟರನ್ನು ಗೇಟಿನಲ್ಲೇ ಆಫ್ ಮಾಡಿ ಒಳಗೆ ತಳ್ಳಿಕೊಂಡು ಬರುತ್ತಾರೆ, ಮಗು ಎದ್ದೀತೆಂದು ರೂಢಿಮಾಡಿಕೊಂಡದ್ದು. ಇನ್ನು ಬೇಡ ಎಂದು ಹೇಳಲು ನನ್ನಿಂದಾಗಲಿಲ್ಲ. ಆ ಮನೆಯಲ್ಲಿ ಒಬ್ಬನೇ ಕೂತು ಏನು ಮಾಡಲಿ?

ಮೊದಲ ಶಾಖೆಯಲ್ಲಿ ಮೇಜಿನ ಕೆಳಗೆ ಮಲಗಿ ವೈರಿನ ಸಿಪ್ಪೆ ಸುಲಿಯುತ್ತಿದ್ದಾಗ ಯಾರೋ ಅದೇ ನಂಬರಿಗೆ ಫೋನು ಮಾಡಿದರು. ಗಂಟೆ ಬಾರಿಸುವ ಹೊತ್ತಿನಲ್ಲಿ ಆ ವೈರಿನಲ್ಲಿ ಕರೆಂಟು ಜೋರಾಗಿರುತ್ತದೆ. ಶಾಕ್ ಹೊಡೆಯಿತು. ಹೊಡೆದದ್ದೇನೋ ಗೊತ್ತಾಯಿತು, ಕೈ ತೆಗೆಯಬೇಕೆಂಬುದು ಮಾತ್ರ ತಡವಾಗಿ ಹೊಳೆಯಿತು. ಮ್ಯಾನೇಜರು ಬಗ್ಗಿ ನೋಡಿ ‘ಒಂದು ಕೂಗು ಹಾಕ್ಬಾರದೇನ್ರೀ, ನಾವೆಲ್ಲ ಇಲ್ವಾ’ ಎಂದು ಬೈದರು. ಗಾಬರಿಯಾಗಬೇಡ, ಬೆರಳಿಗೆ ಏನೂ ಆಗಿಲ್ಲ. ಊಟವೂ ಹಾಗೆಯೇ ನಡೆದಿದೆ. ಮುಂದಿಟ್ಟರೆ ತಿನ್ನುತ್ತೇನೆ, ಏನು ತಿಂದೆ ಎಂದು ಯಾರಾದರೂ ಕೇಳಿದರೆ ತಟ್ಟೆ ನೋಡಿ ಹೇಳಬೇಕು.

ಈ ಊರಿನ ಶಾಖೆಯಲ್ಲಿ ಬಿಲ್ಲು ಬರೆಯುವ ಒಬ್ಬ ಮೇಡಂ ಇದ್ದಾರೆ, ನಿವೃತ್ತಿಗೆ ಹತ್ತಿರ ಬಂದವರು. ಫ್ಯಾಕ್ಸ್ ಮೆಷಿನ್ನಿಗೆ ಹೂವಿನ ಬಟ್ಟೆ ಹೊದಿಸಿಟ್ಟಿದ್ದಾರೆ, ಅದನ್ನು ‘ನಮ್ಮ ಮುದುಕ’ ಎನ್ನುತ್ತಾರೆ. ‘ಮೆಲ್ಲಗೆ ಎತ್ತಿ, ಮುದುಕನ ಕೀಲೆಲ್ಲ ಸಡಿಲ ಆಗಿದೆ’ ಎಂದು ಪಕ್ಕದಲ್ಲೇ ನಿಂತರು. ಪೆಟ್ಟಿಗೆ ಕೂರಿಸಿ ಹೆಡ್ಡಾಫೀಸಿಗೆ ಒಂದು ಹಾಳೆ ಕಳಿಸಿದರೆ ಅರ್ಧಕ್ಕೇ ನಿಂತುಹೋಯಿತು. ಮತ್ತೆ ಕಳಿಸಿದೆ, ಮತ್ತೆ ಅರ್ಧ. ನಿನ್ನೆಯಿಡೀ ಇದೇ ಆಯಿತು. ವೈರು ಬದಲಾಯಿಸಿದೆ, ಪೆಟ್ಟಿಗೆ ಬದಲಾಯಿಸಿದೆ. ಇವತ್ತು ಮಧ್ಯಾಹ್ನ ಗೊತ್ತಾಯಿತು: ಮಾತಿನ ನಡುವೆ ಯಾರಾದರೂ ಸುಮ್ಮನಾದರೆ ಹೊಸ ಲೈನು ಆ ಹೊತ್ತಿನಲ್ಲಿ ಏನನ್ನೂ ಕಳಿಸುವುದಿಲ್ಲ, ಸುಮ್ಮನೆ ಜಾಗ ದಂಡವೆಂದು. ಮನುಷ್ಯರ ಮಾತಿಗೆ ಅದರಿಂದ ತೊಂದರೆಯಿಲ್ಲ. ಫ್ಯಾಕ್ಸು ಮಾತ್ರ ನಡುನಡುವೆ ಒಂದು ಕ್ಷಣ ತಡೆದು ಮುಂದೆ ಹೋಗುತ್ತದೆ, ಅಷ್ಟರಲ್ಲಿ ಆ ಕಡೆಯ ಮೆಷಿನ್ನು ಲೈನೇ ಕಡಿಯಿತೆಂದು ಫೋನು ಕೆಳಗಿಟ್ಟುಬಿಡುತ್ತದೆ. ಪೆಟ್ಟಿಗೆಯ ಸೆಟ್ಟಿಂಗಿನಲ್ಲಿ ‘ಸುಮ್ಮನಿದ್ದಾಗ ಕಳಿಸಬೇಡ’ ಎಂಬುದರ ಮುಂದಿದ್ದ ಟಿಕ್ ಗುರುತು ತೆಗೆದೆ, ಅಷ್ಟೇ. ಹಾಳೆ ಪೂರ್ತಿ ಹೋಯಿತು, ಅಲ್ಲಿಂದ ಇನ್ನೊಂದು ಪೂರ್ತಿ ಬಂತು. ಮೇಡಂ ಚಪ್ಪಾಳೆ ತಟ್ಟಿದರು, ಗೋದಾಮಿನಿಂದ ಹಮಾಲರು ಕೈ ಒರೆಸಿಕೊಳ್ಳುತ್ತಾ ನೋಡಲು ಬಂದರು, ಎಲ್ಲರಿಗೂ ಚಹಾ ಬಂತು. ಬೇರೆ ದಿನವಾಗಿದ್ದರೆ ನಿನಗೆ ಅಲ್ಲಿಂದಲೇ ಫೋನು ಮಾಡಿ ಜಂಬ ಕೊಚ್ಚುತ್ತಿದ್ದೆ. ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ಹಾಕಿಕೊಂಡೆ. ‘ಇದೇನ್ರೀ, ಮುದುಕನೇ ಎದ್ದು ಕೂತ, ನಿಮ್ಮ ಮುಖ ಹೀಗಿದೆ’ ಎಂದು ಮೇಡಂ ಕೇಳಿದರು. ಆಯಾಸ ಎಂದೆ.

ಬೇರೆ ವಿಶೇಷವಿಲ್ಲ. ನಿನ್ನ ಗಿಡಗಳಿಗೆ ನೀರು ಹಾಕಲು ಎದುರು ಮನೆಯವರಿಗೆ ಹೇಳಿದ್ದೇನೆ. ಅತ್ತೆಯವರಿಗೆ ನನ್ನ ನಮಸ್ಕಾರ ಹೇಳು. ಬಿಸಿಲಿನಲ್ಲಿ ಓಡಾಡಬೇಡ. ರಾತ್ರಿ ನಿದ್ದೆ ಬರದಿದ್ದರೆ ಅವರನ್ನು ಎಬ್ಬಿಸು, ಒಬ್ಬಳೇ ಕೂರಬೇಡ.

ನೀನು ಕರೆಯುವಂತೆ,
ನಿನ್ನ ‘ರೀ’

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಪ್ರತಿ ಶಾಖೆಯಲ್ಲೂ ಚಹಾ ಕುಡಿಯುವಾಗ ಯಾರಾದರೂ ‘ಮಕ್ಕಳೆಷ್ಟು’ ಎಂದು ಕೇಳಿಯೇ ಕೇಳುತ್ತಾರೆ. ಮೊದಲ ಶಾಖೆಯಲ್ಲಿ ‘ಇಲ್ಲ’ ಎಂದೆ. ಹೇಳಿ ಕೆಲಸ ಮುಂದುವರಿಸಿದೆ, ಏನೂ ಅನ್ನಿಸಲಿಲ್ಲ. ಇವತ್ತು ಮೇಡಂ ಕೇಳಿದಾಗ ‘ಒಬ್ಬಳು ಮಗಳು’ ಎಂದು ಬಾಯಿಗೆ ಬಂತು. ‘ಏನ್ ಓದ್ತಿದಾಳೆ?’ ಎಂದರು. ‘ಓದೋಷ್ಟು ದೊಡ್ಡೋಳಾಗ್ಲಿಲ್ಲ. ಮೂರು ತಿಂಗಳಿಗೇ ಹೋದ್ಲು’ ಎಂದೆ. ಸಮಾಧಾನದ ಮಾತು ಏನೂ ಆಡಲಿಲ್ಲ ಅವರು. ಚಹಾದ ಲೋಟ ಕೆಳಗಿಟ್ಟು ‘ಯಾರ ಥರ ಇದ್ಲು?’ ಎಂದು ಕೇಳಿದರು. ಇದುವರೆಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ‘ಹಣೆ ಅವಳಮ್ಮಂದು, ಕಿವಿ ನಂದು, ಸಿಟ್ಟು ಯಾರದೋ ಗೊತ್ತಿಲ್ಲ’ ಎಂದೆ. ಸೋಮವಾರ ನಿಮ್ಮೂರಿನ ಶಾಖೆಯ ಸರದಿ. ಅಲ್ಲೂ ಕೇಳುತ್ತಾರೆ. ನಿನ್ನನ್ನೂ ಕೇಳುತ್ತಿರಬಹುದು, ನೀನು ಏನು ಹೇಳುತ್ತೀಯೋ ನನಗೆ ತಿಳಿಯದು. ಇಬ್ಬರೂ ಒಂದೇ ಹೇಳೋಣ. ಭಾನುವಾರ ಸಂಜೆಯೇ ಬರುತ್ತೇನೆ, ಏನು ಹೇಳಬೇಕೆಂದು ಆಗ ಹೇಳು.