ಅಪ್ಪ ವಿಸ್ಕಿಯ ರುಚಿ ನೋಡಿದ್ದು

ನಂಗವಳ್ಳಿ
ಈಶ್ವರ ಸಂವತ್ಸರ, ಕಾರ್ತಿಕ ಬಹುಳ
೩೦-೧೧-೧೯೩೭

ಹೆತ್ತ ತಾಯಿಗೆ ಸಮಾನಳಾದ ಅಕ್ಕ ಮುನಿರತ್ನಮ್ಮನ ಪಾದಗಳಿಗೆ ತಮ್ಮ ಸುಬ್ಬರಾಯಪ್ಪ ಅಡ್ಡಬಿದ್ದು ಬರೆಯುವುದು.

ನಾವು ಇಲ್ಲಿ ಹೇಗೋ ಇದ್ದೇವೆ. ನಲ್ಲಂಪಳ್ಳಿಯಲ್ಲಿ ನೀನೂ ಮಗಳು ಯಲ್ಲಮ್ಮನೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಅಪ್ಪನ ಕಾರ್ಯ ಮುಗಿದ ಮಾರನೆಯ ದಿನವೇ ಬರೆಯಬೇಕೆಂದಿದ್ದೆ, ಆಗಲಿಲ್ಲ. ಕೂತರೆ ಮೊದಲ ಸಾಲೇ ಬರುತ್ತಿರಲಿಲ್ಲ. ಅಂಗಡಿಯ ವ್ಯವಹಾರವೆಲ್ಲ ತಮಿಳಿನಲ್ಲೇ ನಡೆದು ಕನ್ನಡ ಅಕ್ಷರ ಕೈಗೆ ದೂರವಾಗಿದೆ. ಒಂದೇ ಮಣೆಯ ಮೇಲೆ ಮರಳು ಹರಡಿಕೊಂಡು ನೀನೂ ನಾನೂ ತಿದ್ದಿದ ಅಕ್ಷರಗಳು ಇವು ಎಂದು ನೆನೆದರೆ ನಾಚಿಕೆಯಾಗುತ್ತದೆ. ತಪ್ಪಿದ್ದ ಕಡೆ ನೀನೇ ತಿದ್ದಿಕೊಂಡು ಓದು. ಯಲ್ಲಮ್ಮನಿಗೆ ಮಾತ್ರ ಓದಿ ಹೇಳಬೇಡ.

ಅಪ್ಪನ ಮಣ್ಣಿಗೆ ನೀನು ಬಂದೆ. ಏಳು ವರ್ಷದ ಮೇಲೆ ನಮ್ಮ ಊರಿಗೆ ಕಾಲಿಟ್ಟೆ. ಬಾಗಿಲ ಎದುರಿನ ಹೊಂಗೆ ಮರದ ಕೆಳಗೆ ನಿಂತೆ, ಹೊಸಿಲು ತುಳಿಯಲಿಲ್ಲ. ನನ್ನ ಹೆಂಡತಿ ಸಿದ್ದಲಕ್ಷ್ಮಿ ಚೊಂಬಿನಲ್ಲಿ ನೀರು ತಂದರೆ ಮುಖ ತಿರುಗಿಸಿದೆ. ಬಸ್ಸು ಹತ್ತುವ ಮುಂಚೆ ನನ್ನ ಹತ್ತಿರ ಬಂದು ಒಂದೇ ಮಾತು ಹೇಳಿದೆ.

“ನನ್ನನ್ನ ಕುಡುಕನ ಮನೆಗೆ ಅಟ್ಟಿದೋನು ಕೊನೆಗೆ ತಾನೂ ಕುಡುಕನಾಗೇ ಓದ. ಬಿಡು ಸುಬ್ಬಾ, ಸರಿಯಾಯ್ತು.”

ಸುತ್ತ ಜನ ಇದ್ದರು. ಆ ಮಾತಿಗೆ ಉತ್ತರ ಈ ಕಾಗದ. ಅಪ್ಪ ಕುಡಿದದ್ದು ನಿಜ. ಹೇಗೆ ಕುಡಿದ, ಎಷ್ಟು ಕುಡಿದ ಎಂಬುದು ನಿನಗೆ ಬಸ್ಸಿನವರ ಬಾಯಿಂದ ಗೊತ್ತಾಗಿದೆ. ಮನೆಯವರ ಬಾಯಿಂದಲೂ ಒಂದು ಸಲ ಕೇಳು.

ಈ ಅಕ್ಟೋಬರಿನಿಂದ ಸೇಲಂ ಜಿಲ್ಲೆಯಲ್ಲಿ ಕುಡಿತ ನಿಂತುಹೋಗುತ್ತದೆ ಎಂದು ಸರ್ಕಾರ ಸಾರಿತಲ್ಲ, ಇಲ್ಲಿಯವರೆಲ್ಲ ಮದುವಿಲಕ್ಕು ಅನ್ನುತ್ತಾರೆ, ಆ ಸುದ್ದಿ ಬಂದಾಗ ಮೆಟ್ಟೂರಿನ ನನ್ನ ಸೀಮೆಸಾರಾಯಿ ಅಂಗಡಿಯಲ್ಲಿ ವಿಸ್ಕಿ ಸರಕು ಬೇಕಾದಷ್ಟಿತ್ತು. ಅಲ್ಲಿನ ಅಣೆಕಟ್ಟೆ ಕಟ್ಟುವಾಗ ಇದ್ದ ದೊರೆಗಳು ಕೆಲಸ ಮುಗಿಸಿಕೊಂಡು ಹೋದ ಮೇಲೆ ಅವರ ಬಂಗಲೆಗಳಲ್ಲಿ ಉಳಿದದ್ದನ್ನೆಲ್ಲ ಹರಾಜಿನಲ್ಲಿ ಕೂಗಿ ತಂದಿದ್ದೆ. ಬೆಂಗಳೂರು ದಂಡಿನ ಒಬ್ಬ ವರ್ತಕ ಅಷ್ಟನ್ನೂ ಕೊಳ್ಳಲು ಒಪ್ಪಿದ. ಆದರೆ ಉಗ್ರಾಣದ ತೇವಕ್ಕೆ ಅರ್ಧಕ್ಕರ್ಧ ಸೀಸೆಗಳ ಚೀಟಿ ಕಳಚಿಹೋಗಿದ್ದವು. ಕೆಲವಕ್ಕೆ ಬಂಗಲೆಯ ಆಳುಗಳೇ ಒಳ್ಳೆಯದನ್ನು ಕುಡಿದು ಅಗ್ಗದ್ದನ್ನು ತುಂಬಿಟ್ಟಿದ್ದರು. ಉತ್ತಮ ಯಾವುದು, ಮಧ್ಯಮ ಯಾವುದು, ಕಳಪೆ ಯಾವುದು ಎಂದು ಬೇರೆ ಮಾಡಿ ಕಳಿಸಿದರೆ ಮಾತ್ರ ತೆಗೆದುಕೊಳ್ಳುತ್ತೇನೆ ಎಂದ ವರ್ತಕ.

ಬೇರೆ ಮಾಡುವುದೆಂದರೆ ರುಚಿ ನೋಡುವುದು. ಮಾರಿದವನು ನಾನೇ ಆದರೂ ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ನನಗೆ ಚೀಟಿ ನೋಡಿಯೇ ಗೊತ್ತು. ಅದಕ್ಕೆ ಶಿವರಾಮನ್ ಬಂದ. ಬಂಗಲೆಯಲ್ಲಿ ಬಟ್ಲರ್ ಆಗಿದ್ದವನು, ತಂಜಾವೂರ ಕಡೆಯವನು. ಸೀಸೆಗಳನ್ನು ಮೆಟ್ಟೂರಿನಿಂದ ಗಾಡಿಯಲ್ಲಿ ತಂದು ನಮ್ಮ ಕೊಟ್ಟಿಗೆಯಲ್ಲಿ ಇಟ್ಟೆವು. ಮನೆಯೊಳಗೆ ಬೇಡ ಎಂದು ಸಿದ್ದಲಕ್ಷ್ಮಿ ಖಂಡಿತವಾಗಿ ಹೇಳಿದ್ದಳು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಶುರು. ಲೋಟದಲ್ಲಿ ಒಂದು ಗುಟುಕು ಹಾಕಿ, ನಾಲ್ಕು ಹನಿ ನೀರು ಬೆರೆಸಿ, ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಮೂಸಬೇಕು. ಆಮೇಲೆ ನಾಲಗೆಯ ಮೇಲೆ ಹೊರಳಿಸಿ ಬೂದಿ ಹಾಕಿದ ಕುಕ್ಕೆಗೆ ಉಗಿಯಬೇಕು. ಮುಂದಿನದಕ್ಕೆ ಹೋಗುವ ಮುಂಚೆ ಒಂದು ಹಿಡಿ ಪುರಿ ತಿನ್ನಬೇಕು. ಇದು ಶಿವರಾಮನ್ ಹೇಳಿಕೊಟ್ಟ ಕ್ರಮ.

ಮೊದಲ ದಿನ ಲೋಟಗಳನ್ನು ಇಡುತ್ತಿದ್ದ ಹಾಗೆ ಅಪ್ಪ ಮಣೆ ತಂದು ಎದುರಿಗೆ ಹಾಕಿಕೊಂಡು ಕೂತ. ನನಗೂ ಒಂದು ಇಡು ಅಂದ.

ಅಕ್ಕ, ನಿನಗೆ ಗೊತ್ತು, ಅಪ್ಪ ಯಾವತ್ತೂ ಹೆಂಡ ಮುಟ್ಟಿದವನಲ್ಲ. ನಾನು ಅಂಗಡಿ ಇಟ್ಟ ವರ್ಷ ಬಹಳ ದಿನ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ನಾನು ತಂದ ಪಂಚೆ ಉಡಲಿಲ್ಲ. ಈಗ ಕಣ್ಣು ಮಂಜಾಗಿ, ಹಲ್ಲು ಉದುರಿದ ಮೇಲೆ ಲೋಟ ಕೇಳುತ್ತಿದ್ದಾನೆ. ತಮಾಷೆಗೆ ಇರಬಹುದು ಅಂದುಕೊಂಡೆ. ಶಿವರಾಮನ್ ನಕ್ಕು ಒಂದು ಲೋಟ ಹೆಚ್ಚಿಗೆ ಇಟ್ಟ.

ಮೊದಲು ತೆಗೆದದ್ದು ಸೇತುವೆಯ ಚಿತ್ರವಿದ್ದ ಸೀಸೆ. ದೊರೆಗಳಿಗೆ ಪ್ರಾಣವಾಗಿದ್ದ ಸರಕು, ಅದೊಂದರ ಬೆಲೆಗೆ ಬೇರೆಯವು ಎರಡು ಬರುತ್ತಿದ್ದವು. ಶಿವರಾಮನ್ ಕಣ್ಣು ಮುಚ್ಚಿ ಮೂಸಿದ. ಸಮುದ್ರ ದಾಟಿ ಬಂದ ಪರಿಮಳ ಎಂದು ಏನೇನೋ ಹೊಗಳಿದ. ಅಪ್ಪ ಮೂಸಿದ, ಬಾಯಿಗೆ ಹಾಕಿಕೊಂಡ, ನುಂಗಿಯೇಬಿಟ್ಟ. ಮುಖ ಕಿವುಚಿ, “ಹಸಿ ಸೌದೆ ಹೊಗೆ. ಅದಾದ್ಮೇಲೆ ಧರ್ಮಾಸ್ಪತ್ರೆ ನಾತ,” ಅಂದ. ನನಗೂ ಹಾಗೆಯೇ ಅನ್ನಿಸಿತ್ತು. ಹೇಳಲು ಧೈರ್ಯ ಸಾಲಲಿಲ್ಲ.

ಎರಡನೆಯದು ಹಳದಿ ಚೀಟಿಯದು. ಅದರಲ್ಲಿ ಹುರಿದ ರಾಗಿಯ ಘಮ ಇತ್ತು, ಹಿಂದೆಯೇ ಬೆಲ್ಲದ ಪಾಕದ ನೊರೆಯ ಹಾಗೆ ಒಂದು ಸಿಹಿ, ಗಂಟಲಲ್ಲಿ ಒಣಶುಂಠಿಯ ಖಾರ. ಇದಕ್ಕೆ ಕೊಟ್ಟ ಹಣ ದಂಡವಲ್ಲ ಎಂದು ಶಿವರಾಮನ್ನನೇ ಒಪ್ಪಿದ. ಆದರೂ ಸೇತುವೆಯ ಸೀಸೆಯ ಸಮಕ್ಕೆ ಬರುವುದಿಲ್ಲ ಎಂದು ಹಟ ಹಿಡಿದ. “ಕಾಸುಕ್ಕೇತ್ತ ದೋಸೈ,” ಅಂದ. “ನಮ್ಮಲ್ಲಿ ಕಾಸಿಗೆ ತಕ್ಕ ಕಜ್ಜಾಯ ಅಂತೀವಿ ಕಣಪ್ಪ,” ಅಂದ ಅಪ್ಪ. ಇಬ್ಬರೂ ನಕ್ಕರು. ಅಮ್ಮ ಹೋದ ಮೇಲೆ ಅಪ್ಪ ಹಾಗೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಮೂರನೆಯದು ನಮ್ಮ ದೇಶದಲ್ಲೇ ಕಾಸಿದ್ದು, ಎಲ್ಲಕ್ಕಿಂತ ಅಗ್ಗ. ಮೊಳೆ ನೆನೆಹಾಕಿದ ನೀರಿಗೆ ಸುಟ್ಟ ಸಕ್ಕರೆ ಹಾಕಿದ ಹಾಗಿತ್ತು. ಅದಕ್ಕೆ ಸುಣ್ಣದಲ್ಲಿ ಕಾಟು ಹೊಡೆದೆವು.

ಹೀಗೆ ನಾಲ್ಕೈದು ಭಾನುವಾರ ನಡೆಯಿತು. ಆ ಹೊತ್ತಿಗೆ ನಾನೂ ಮೂಸಿದ ತಕ್ಷಣ ಅಸಲು ಯಾವುದು, ಬೆರಕೆ ಯಾವುದು ಎಂದು ಹೇಳಬಲ್ಲವನಾಗಿದ್ದೆ. ಕಲಿತ ವಿದ್ಯೆ ಕೈಗೆ ಹತ್ತುವಷ್ಟರಲ್ಲಿ ಅಂಗಡಿಯೇ ಮುಚ್ಚಬೇಕಾಗಿ ಬಂದಿತ್ತು, ಅದು ಬೇರೆ ಮಾತು. ಸುಳ್ಳು ಯಾಕೆ ಹೇಳಲಿ ಅಕ್ಕ, ಆ ಮಧ್ಯಾಹ್ನಗಳು ನನಗೆ ಹಿತವಾಗಿದ್ದವು. ಅಪ್ಪ ನನ್ನ ಎದುರು ಕೂತು ಮಾತಾಡುತ್ತಿದ್ದ. ಹೊಲದ ಮಾತು, ಅಮ್ಮನ ಮಾತು, ಕಟ್ಟೆಯ ನೀರಿನಲ್ಲಿ ಮುಳುಗಿದ ಅವಳ ತೌರೂರಿನ ಮಾತು. ನಿನ್ನ ಹೆಸರು ಮಾತ್ರ ಎತ್ತುತ್ತಿರಲಿಲ್ಲ. ನಾನು ಎತ್ತಿದರೆ ಪುರಿಯ ಮೊರಕ್ಕೆ ಕೈ ಹಾಕುತ್ತಿದ್ದ.

ಒಂದು ವಿಷಯದಲ್ಲಿ ಅಪ್ಪ ಶಿವರಾಮನ್ನನ ಮಾತು ಕೇಳಲೇ ಇಲ್ಲ. ಉಗಿಯುತ್ತಿರಲಿಲ್ಲ. “ಪೆರಿಯವರೇ, ಮುಳುಂಗ ವೇಂಡಾಂ,” ನುಂಗಬೇಡಿ ಎಂದು ಅವನು ಬೇಡಿಕೊಳ್ಳುತ್ತಿದ್ದ. ಉಗಿದರೆ ಕುಡಿದ ಹಾಗಾಗುವುದಿಲ್ಲ ಎಂದು ಹೇಳಿ ಅಪ್ಪ ನುಂಗುತ್ತಿದ್ದ. ಒಂದು ಗುಟುಕಿಗಿಂತ ಹೆಚ್ಚು ನಾನು ಹಾಕುತ್ತಿರಲಿಲ್ಲವಾದ್ದರಿಂದ ತೊಂದರೆ ಆಗಿರಲಿಲ್ಲ.

ಸೆಪ್ಟೆಂಬರ್ ನಡುವೆ ಒಂದು ಭಾನುವಾರ ಅಪ್ಪ ಶಿವರಾಮನ್ನನನ್ನು ಒಂದು ಪ್ರಶ್ನೆ ಕೇಳಿದ. ಕಟ್ಟೆ ಕೆಲಸದ ಮೇಸ್ತ್ರಿಗಳಿಗೆ ದೊರೆಗಳು ಕೊಡುತ್ತಿದ್ದದ್ದು ಯಾವ ಸರಕು ಅಂತ. ಶಿವರಾಮನ್ ಹಳದಿ ಚೀಟಿಯದನ್ನು ತೋರಿಸಿದ. ಆಮೇಲೆ ನಾವಿಬ್ಬರೂ ಪೆಟ್ಟಿಗೆಗಳಿಗೆ ಹುಲ್ಲು ತರಲು ಬಣವೆಯ ಕಡೆ ಹೋದೆವು. ಬಂದು ನೋಡಿದರೆ ಮಣೆ ಖಾಲಿ, ಹಳದಿ ಚೀಟಿಯ ಸೀಸೆಯೂ ಮುಕ್ಕಾಲು ಖಾಲಿ.

ಬಸ್ಸು ನಿಲ್ಲುವಲ್ಲಿ ಅಪ್ಪ ಧೂಳಿನಲ್ಲಿ ಬಿದ್ದಿದ್ದ. ಪಂಚೆ ಕಳಚಿತ್ತು. ಓಮಲೂರಿಗೆ ಹೊರಟ ಬಸ್ಸಿನ ಜನ ಕಿಟಕಿಯಿಂದ ಬಗ್ಗಿ ನೋಡುತ್ತಿದ್ದರು. ಕಂಡಕ್ಟರ್ ಯಾರೊಡನೆಯೋ ನಗುತ್ತಾ, ಸಾರಾಯಿ ಅಂಗಡಿಯವನ ಅಪ್ಪ, ಇನ್ನು ಸಿಕ್ಕದಲ್ಲ ಅಂತ ಒಟ್ಟಿಗೇ ಕುಡಿದುಬಿಟ್ಟಿದ್ದಾನೆ ಅಂದದ್ದು ನನ್ನ ಕಿವಿಗೇ ಬಿತ್ತು. ನಿನಗೆ ಸುದ್ದಿ ಮುಟ್ಟಿಸಿದ್ದು ಆ ಬಸ್ಸೇ ಇರಬೇಕು. ನಾನು ಪಂಚೆ ಸುತ್ತಿ, ಹೆಗಲ ಮೇಲೆ ಹಾಕಿಕೊಂಡು ಮನೆಗೆ ತಂದೆ. ಏನು ಹಗುರವಾಗಿದ್ದ ಅಕ್ಕ ಅಪ್ಪ. ನಮ್ಮಿಬ್ಬರನ್ನೂ ಎರಡು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿದವನು.

ಜಗಲಿಯ ಮೇಲೆ ಬಹಳ ಹೊತ್ತು ವಾಂತಿ ಮಾಡಿಕೊಂಡ. ಸಿದ್ದಲಕ್ಷ್ಮಿ ಬಳಿದಳು. ಆ ದಿನದಿಂದ ಅಪ್ಪ ಕೊಟ್ಟಿಗೆಯ ಕಡೆ ಹೋಗಲಿಲ್ಲ, ಒಂದು ಹನಿ ಮುಟ್ಟಲಿಲ್ಲ. ಉಳಿದ ಸೀಸೆಗಳನ್ನು ನಾವಿಬ್ಬರೇ ನೋಡಿ ಮುಗಿಸಿದೆವು. ಆದ್ದರಿಂದ ಅಪ್ಪ ಕುಡುಕನಾಗಿ ಸತ್ತ ಎನ್ನುವುದು ಸರಿಯಲ್ಲ. ದೀಪಾವಳಿಯ ಮಾರನೆಯ ದಿನ ಜ್ವರ ಬಂತು. ಇಳಿಯಲೇ ಇಲ್ಲ. ಓಮಲೂರಿನಿಂದ ಡಾಕ್ಟರನ್ನು ಕರೆಸಿದೆ. ಬಲ ಬರಲೆಂದು ಅವರು ಹಾಲಿಗೆ ಸ್ವಲ್ಪ ಬ್ರಾಂದಿ ಬೆರೆಸಿ ಕೊಡಿ, ಬೇಕಾದರೆ ಚೀಟಿ ಬರೆದುಕೊಡುತ್ತೇನೆ ಅಂದರು. ಅಪ್ಪ ತಲೆ ಅಲ್ಲಾಡಿಸಿ ಬೇಡ ಅಂದ.

ಇನ್ನು ನಮ್ಮ ಸಮಾಚಾರ. ಅಂಗಡಿ ಮುಚ್ಚಿತು. ಸರಕು ಬೆಂಗಳೂರಿಗೆ ಹೋಯಿತು, ಹಿಂದೆಯೇ ಶಿವರಾಮನ್ನನೂ ಹೋದ. ಅಲ್ಲಿ ಒಂದು ಹೋಟೆಲಿನಲ್ಲಿ ಕೆಲಸ ಸಿಕ್ಕಿದೆಯಂತೆ. ನಾನು ಇಲ್ಲೇ ಸಂತೆಬೀದಿಯಲ್ಲಿ ಕಡಲೆಕಾಯಿ ಎಣ್ಣೆ, ಸೀಮೆಎಣ್ಣೆ, ಸೋಪು ಇಟ್ಟುಕೊಂಡು ಕೂತಿದ್ದೇನೆ. ವ್ಯಾಪಾರ ಅಷ್ಟಕ್ಕಷ್ಟೆ. ಆದರೆ ಪಕ್ಕದ ಮನೆಯ ಪುಟ್ಟಪ್ಪ ಈಗ ಸಂಜೆ ನೆಟ್ಟಗೆ ನಡೆದು ಬರುತ್ತಾನೆ. ಅವನ ಹೆಂಡತಿ ಮೊನ್ನೆ ಎಣ್ಣೆಗೆ ಬಂದವಳು ನನ್ನ ಮುಖ ನೋಡಿ, ನಿನಗೆ ನಷ್ಟವಾಯಿತು ಕಣಣ್ಣ, ನನಗೆ ಮಾತ್ರ ಮನೆ ಸಿಕ್ಕಿತು ಎಂದು ಹೇಳಿ ಹೋದಳು. ಏಳು ವರ್ಷ ನಾನು ಯಾರ ಯಾರ ಮನೆ ಕಿತ್ತುಕೊಂಡಿದ್ದೆನೋ ಎಂದು ಆವತ್ತೆಲ್ಲ ಲೆಕ್ಕ ಹಾಕಿದೆ. ಧರ್ಮಪುರಿಯ ಮದುವಿಲಕ್ಕು ಮೆರವಣಿಗೆಯಲ್ಲಿ ನೀನು ಬಾವುಟ ಹಿಡಿದು ಮುಂದೆ ನಡೆದೆ ಎಂದು ಕೇಳಿದೆ. ನನ್ನ ಮೇಲೆ ಕೋಪಕ್ಕೇ ನಡೆದಿದ್ದರೂ ಸರಿ, ನಡೆದದ್ದು ಒಳ್ಳೆಯದಾಯಿತು.

ಎಮ್ಮೆ ಕರು ಹಾಕಿದೆ. ಸಿದ್ದಲಕ್ಷ್ಮಿಗೆ ಈಗ ಐದು ತಿಂಗಳು. ಹೆರಿಗೆಗೆ ನೀನೇ ಇರಬೇಕು ಎನ್ನುತ್ತಾಳೆ. ನಾನು ಕರೆದರೆ ಬರುವುದಿಲ್ಲ ಎಂದು ಗೊತ್ತು. ಅವಳು ಕರೆಯುತ್ತಿದ್ದಾಳೆ ಎಂದು ತಿಳಿದು ಬಾ. ಈಗ ಈ ಮನೆಯಲ್ಲಿ ವಾಸನೆ ಏನೂ ಇಲ್ಲ, ಕೊಟ್ಟಿಗೆಯನ್ನೂ ಸಗಣಿ ಹಾಕಿ ಸಾರಿಸಿ ಆಗಿದೆ. ಯಲ್ಲಮ್ಮನಿಗೆ ಮಾವನ ಆಶೀರ್ವಾದ ತಿಳಿಸು, ತಮಿಳು ಬರೆಯುವುದರ ಜೊತೆಗೆ ನಮ್ಮ ಅಕ್ಷರವನ್ನೂ ಅವಳಿಗೆ ಕಲಿಸು. ನಿನ್ನ ಹರಕೆ ಈ ತಮ್ಮನ ಮೇಲಿರಲಿ.

ನಿನ್ನ ಮಡಿಲಲ್ಲಿ ಬೆಳೆದ
ಸುಬ್ಬರಾಯಪ್ಪ

ತಾ. ಕ.: ಕಾಗದ ಮಡಚಿ ಇಟ್ಟಿದ್ದೆ, ಮತ್ತೆ ಬಿಚ್ಚಿದ್ದೇನೆ. ಇದನ್ನು ನಿನಗೆ ಬರೆಯಬಾರದೆಂದು ಅಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದ. ಈಗ ಅವನಿಲ್ಲ.

ಬಿದ್ದ ಮಾರನೆಯ ಬೆಳಗ್ಗೆ ಅಪ್ಪನಿಗೆ ಗಂಜಿ ಕೊಡಲು ಹೋದೆ. ಈ ವಯಸ್ಸಿನಲ್ಲಿ ನಿನಗೆ ಇದೇಕೆ ಬೇಕಿತ್ತಪ್ಪ ಎಂದು ಕೇಳಿದೆ. ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಹೇಳಿದ.

“ನಿಮ್ಮಕ್ಕ ಬಂದು ಗಂಡ ಕುಡೀತಾನೆ ಕಣಪ್ಪ ಅಂದ್ಲು. ಗಂಡಸು ಅಂದ್ಮೇಲೆ ಕುಡೀತಾನೆ, ಓಗು ಅಂತ ಕಳಿಸ್ದೆ. ಅವಳು ತಿರುಗಿ ಓದ ತಿಂಗಳೇ ಅವನು ಅವಳ ಕೈ ಮುರಿದ. ಹೆಂಡ್ತಿಗಿಂತ ಎಚ್ಚಿಂದು ಅದ್ರಾಗೆ ಏನೈತೆ ಅಂತ ನೋಡ್ಬೇಕಾಗಿತ್ತು ಕಣ್ಲಾ ನಂಗೆ. ದುಬಾರಿದೂ ನೋಡ್ದೆ, ಅಗ್ಗದ್ದೂ ನೋಡ್ದೆ. ಅಳಿಯ ಎಲ್ಲಪ್ಪ ಕಟ್ಟೆ ಮೇಸ್ತ್ರಿ ಆಗಿದ್ದಾಗ ಕುಡೀತಿದ್ದನಲ್ಲ ಅಳದಿ ಚೀಟಿದು, ಅದ್ನೂ ಒಟ್ಟೆ ತುಂಬ ಕುಡಿದು ನೋಡ್ದೆ. ಏನೂ ಇಲ್ಲ ಅದ್ರಾಗೆ. ಏನೂ ಇಲ್ದಿರೋದ್ರ ತಾವಕ್ಕೆ ನನ್ನ ಮಗಳನ್ನ ವಾಪಸ್ಸು ಕಳಿಸ್ಬುಟ್ಟೆ.”

ನಾನು ಈಗಲೇ ನಲ್ಲಂಪಳ್ಳಿಗೆ ಹೋಗಿ ಅಕ್ಕನನ್ನು ಕರೆದುಕೊಂಡು ಬರುತ್ತೇನೆ ಎಂದು ಎದ್ದೆ. ಅಪ್ಪ ನನ್ನ ಪಂಚೆಯ ಅಂಚು ಹಿಡಿದುಕೊಂಡ.

“ಬೇಡ,” ಅಂದ. “ಬಂದ್ರೆ ಆ ಕೈ ನೋಡ್ಬೇಕಾಗ್ತದೆ.”