ಮಂಡಿ ಕೆಳಗಿನ ದಿಂಬು

3-2-88, ಬೀರೂರು
ಇವತ್ತೂ ಗಂಜಿ. ಕಿಟಕಿ ಮುಚ್ಚಿದೆ. ಗಾಳಿ ಸೋಕಬಾರದೆಂದು ದುರ್ಗಕ್ಕ ಕಾಲಿಗೆ ಬಟ್ಟೆ ಸುತ್ತಿದ್ದಾಳೆ. ಬೆಂಗಳೂರಿನಲ್ಲಿ ಮಂಡಿ ಬದಲಾಯಿಸಿಕೊಂಡು ಬಂದವಳು ನಾನು. ಅಕ್ಕನ ಲೆಕ್ಕದಲ್ಲಿ ಹಸಿ ಬಾಣಂತಿ. ನನ್ನ ಹೊಲಿಗೆ ಕ್ಲಾಸಿನ ಹುಡುಗಿಯರನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದಳಂತೆ. ಮೈ ಪರಚಿಕೊಳ್ಳುವ ಹಾಗಾಗುತ್ತದೆ.

4-2-88, ಮಧ್ಯಾಹ್ನ
ಆಸ್ಪತ್ರೆಯಲ್ಲಿ ಪಕ್ಕದ ಬೆಡ್ಡಿನಲ್ಲಿದ್ದ ತರೀಕೆರೆ ಶಂಕರಮ್ಮನದೇ ಯೋಚನೆ. ಆಪರೇಷನ್ ಆದ ಮರುದಿನವೇ ಕಾಲೆತ್ತಿದಳು! ಅವಳಿಗೆ ತೊಡೆಯ ಸ್ನಾಯು ಕೊಯ್ಯದೆ ಪಕ್ಕಕ್ಕೆ ಸರಿಸಿ ಮಾಡಿದರಂತೆ. ನನಗೆ ಕೊಯ್ದೇ ಮಾಡಿದರು. ಜಗಳಕ್ಕೇ ಹೋದೆ. ನಿಮ್ಮ ಮಂಡಿ ಬಿಗಿದಿತ್ತು, ಸರಿಸಿದರೆ ಜಾಗ ಸಾಲದು, ಎದ್ದೇಳುವುದು ಸ್ವಲ್ಪ ತಡ ಅಷ್ಟೇ, ಆಮೇಲೆ ಇಬ್ಬರದೂ ಒಂದೇ ಅಂದರು ಡಾಕ್ಟರು. ಆದರೆ ಕಾಲು ಚಾಚಿ ಮಂಡಿಯನ್ನು ಹಾಸಿಗೆಗೆ ಒತ್ತುತ್ತಿರಬೇಕು. ಮಂಡಿ ಕೆಳಗೆ ದಿಂಬು ಕೂಡದು.
ದಿಂಬು ಇದೆ. ಇದಕ್ಕೆಂದೇ ಬೂರುಗದ ಹತ್ತಿ ತುಂಬಿ, ಹೊಲಿದು, ಹಿರೇನಲ್ಲೂರಿಂದ ಹೊತ್ತು ತಂದಿದ್ದಾಳೆ ಅಕ್ಕ. ಹೇಗೆ ಹೇಳಲಿ? ನೋವೂ ಕಡಿಮೆ... ಸುಖವಾಗಿದೆ.

20-2-88
ಬೆಂಗಳೂರು, ಚೆಕಪ್. ಕಾಲು ನೆಟ್ಟಗಾಗುತ್ತಿಲ್ಲ. ಮಂಡಿ ಕೆಳಗೆ ಮುಷ್ಟಿ ತೂರುತ್ತದೆ. ಮುಂದಿನ ತಿಂಗಳೂ ಹೀಗೇ ಇದ್ದರೆ ಪುನಃ ಅರಿವಳಿಕೆ ಕೊಟ್ಟು ಕಾಲು ಎಳೆಯಬೇಕಂತೆ. ಆಗಲೂ ಸೊಟ್ಟ ಉಳಿಯಬಹುದಂತೆ. ಮೆಷಿನ್ ತುಳಿಯುವುದು ಮರೆತ ಹಾಗೇ.
ದಿಂಬು ಬೇಡ ಅಂದಿರಲಿಲ್ಲವಾ ಎಂದು ಡಾಕ್ಟರು ರೇಗಿದರು. ಅಕ್ಕ ಬಾಗಿಲಲ್ಲೇ ಇದ್ದಳು.
ವಾಪಸ್ ರೈಲಿನಲ್ಲಿ, ಕಡೂರು ದಾಟಿದ ಮೇಲೆ ಅಕ್ಕ ಕೇಳಿದಳು.
"ಮೊದ್ಲೇ ಗೊತ್ತಿತ್ತೇನೇ ಮಲ್ಲೀ?"
"ಗೊತ್ತಿತ್ತು ಕಣಕ್ಕ."
"ನನ್ ಕೈಯಾರೆ ನಿನ್ ಕಾಲು ಸೊಟ್ಟ ಮಾಡಿಸ್ಬಿಟ್ಯಲ್ಲೇ."

21-2-88
ಅಕ್ಕ ಬೆಳಗಿನ ಬಸ್ಸಿಗೇ ಊರಿಗೆ ಹೊರಟುಹೋದಳು. ದಿಂಬನ್ನೂ ಒಯ್ದಿದ್ದಾಳೆ. ಒಬ್ಬಳೇ ಮಂಡಿ ಒತ್ತಿ ನೋಡಿದೆ. ಕಣ್ಣಿಗೆ ಕತ್ತಲೆ ಕವಿಯಿತು. ಬಿಟ್ಟೆ. ನನ್ನ ಮೇಲೇ ಅಸಹ್ಯ.

2-3-88
ಅಕ್ಕ ಬಂದಳು! ಹೇಗಿದ್ದೀ ಎಂದೂ ಕೇಳಲಿಲ್ಲ. ಕಿಟಕಿ ತೆಗೆದಳು. ಹಾಸಿಗೆ ಪಕ್ಕ ಕೂತು, ಮಂಡಿ ಕೆಳಗೆ ಕೈ ತೂರಿಸಿ, ಒತ್ತು ಅಂದಳು. ಅಳುತ್ತಾ ಬೈದೆ. ಕೈ ತೆಗೆಯಲಿಲ್ಲ.

19-3-88, ಬೆಳಿಗ್ಗೆ
ನಾಳಿದ್ದು ಚೆಕಪ್. ರಾತ್ರಿ ನಿದ್ದೆಯಿಲ್ಲ. ಮುಷ್ಟಿ ತೂರುತ್ತಿದ್ದ ಜಾಗದಲ್ಲಿ ಈಗ ಅಂಗೈ ಮಾತ್ರ ಹಿಡಿಯುತ್ತದೆ. ಇವತ್ತು ಅಕ್ಕ ಬಳೆ ಸಮೇತ ಮುಂಗೈವರೆಗೂ ಕೈ ತುರುಕಿದಳು. ಹಲ್ಲು ಕಚ್ಚಿ ಒತ್ತಿದೆ. ಅಕ್ಕ ಕೈ ಎಳೆದಳು. ಬರಲಿಲ್ಲ.
"ಬಿಡೇ, ಬಳೆ ಹೋಗ್ತವೆ."
ಬಿಡಲಿಲ್ಲ. ಚಟ್ ಅಂತ ಹೋಯಿತು ಒಂದು. ಬಳೆ ಒಡೆದರೆ ದಿನವಿಡೀ ಮುಖ ಸಣ್ಣ ಮಾಡಿಕೊಂಡಿರುವವಳು, ಚೂರು ಆರಿಸುತ್ತಾ ನಗುತ್ತಿದ್ದಾಳೆ. ನನಗೆ ಅಳು. ಮತ್ತೆ ಕರೆಯುತ್ತಿದ್ದಾಳೆ — ಈ ಸಲ ಎಡಗೈ ಇಡುತ್ತಾಳಂತೆ, ಅದರಲ್ಲಿನ್ನೂ ಬಳೆ ಇವೆ.