ಹನ್ನೆರಡು ದಿನ ಮೊದಲು ಅಗೆದ ಗಡ್ಡೆ

ತಾರೀಕು ೪, ಭಾನುವಾರ, ಮಧ್ಯಾಹ್ನ

ನನ್ನ ಜಗಳಗಂಟಿ ಅಕ್ಕನಿಗೆ,

ನಿನ್ನ ತೂಕದಮ್ಮನ ನಮಸ್ಕಾರ. ಹೊಟ್ಟೆಯ ಹೊಲಿಗೆ ಪೂರ್ತಿ ಮಾಯಿತಾ? ಮೂರು ತಿಂಗಳು ಭಾರ ಎತ್ತಬೇಡಿ ಎಂದು ಡಾಕ್ಟರು ಕೈಮುಗಿದು ಹೇಳಿದ್ದರೂ ನೀನು ಎರಡನೇ ತಿಂಗಳಿಗೇ ಮೂಟೆ ಎಳೆದಾಡುತ್ತಿದ್ದೆಯೆಂದು ಭಾವ ಚಾಡಿ ಹೇಳಿದರು. ಅವರ ಮೇಲೆ ರೇಗಬೇಡ. ನಾನೇ ಬಾಯಿ ಬಿಡಿಸಿದ್ದು.

ಫೋನು ಇರುವಾಗ ಕಾಗದ ಯಾಕೆ ಎನ್ನುತ್ತೀಯ. ಫೋನಿನಲ್ಲಿ ನೀನು ಒಂದು ಸಲ, ಏನೇ ನಿನ್ನ ದನಿ ಹಾಗ್ಯಾಕಿದೆ ಎಂದು ಕೇಳಿದರೆ ಮುಗಿಯಿತು, ನಾನು ಹೊಟ್ಟೆಯಲ್ಲಿರುವುದನ್ನೆಲ್ಲ ಕಕ್ಕಿಬಿಡುತ್ತೇನೆ. ಶುಕ್ರವಾರ ಬೆಳಿಗ್ಗೆ ಹನ್ನೊಂದರವರೆಗೆ ಯಾರಿಗೂ ಹೇಳಬಾರದ ಸಂಗತಿಯೊಂದು ನನ್ನ ಹತ್ತಿರ ಇದೆ. ಆದ್ದರಿಂದ ಇದನ್ನು ಶುಕ್ರವಾರದ ತನಕ ಅಂಚೆಗೆ ಹಾಕುವುದಿಲ್ಲ. ಹಾಕುವುದನ್ನು ತಡೆಯಬಲ್ಲೆ, ಬರೆಯುವುದನ್ನು ತಡೆಯಲಾರೆ. ಬೆಳಿಗ್ಗೆಯಿಂದ ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ಒರೆಸಿದೆ, ಪುನಃ ಇಟ್ಟೆ, ಪುನಃ ಇಳಿಸಿದೆ. ಪಕ್ಕದ ಮನೆಯವರು ಗೋಡೆಗೆ ಡ್ರಿಲ್ ಹಾಕುತ್ತಿದ್ದಾರೆ. ಆ ಸದ್ದು ನಿಂತರೆ ಇನ್ನೂ ಕಷ್ಟ, ಯೋಚನೆ ಶುರುವಾಗುತ್ತದೆ.

ನೀನು ನನ್ನ ಕೆಲಸವನ್ನು ಯಾವಾಗಲೂ ಆಡಿಕೊಳ್ಳುತ್ತೀಯಲ್ಲ, ಬೇರೆಯವರ ಹೊಲಕ್ಕೆ ನುಗ್ಗಿ ಗಡ್ಡೆ ಕದಿಯುವುದಕ್ಕೆ ಸಂಬಳ ಎಂದು. ಆ ಕಳ್ಳತನದಿಂದಲೇ ದೇಶದ ಬೆಲೆ ಕಟ್ಟುತ್ತಾರೆ ಕಣೇ. ಮೂರು ಜಿಲ್ಲೆ ನನ್ನ ಪಾಲಿಗೆ. ಅರವತ್ತು ಹೊಲಗಳಲ್ಲಿ, ಪ್ರತಿಯೊಂದರಲ್ಲೂ ಅಳೆದು ಗುರುತು ಮಾಡಿದ ಒಂದು ತುಂಡು ಸಾಲನ್ನು ಅಗೆದು, ಮಣ್ಣು ಉಜ್ಜಿ, ತೂಗಿ ಬರೆಯುತ್ತೇನೆ. ನನ್ನಂಥವರು ಹನ್ನೊಂದು ಮಂದಿ. ಎಲ್ಲರದ್ದೂ ಕೂಡಿದರೆ ಈ ವರ್ಷ ದೇಶದಲ್ಲಿ ಎಷ್ಟು ಆಲೂಗಡ್ಡೆ ಎಂಬ ಅಂಕಿ. ಹೊರಗಿನಿಂದ ಹಡಗು ತರಿಸಬೇಕೋ ಬೇಡವೋ ಎಂದು ಸರ್ಕಾರ ಅದನ್ನೇ ನೋಡುತ್ತದೆ, ಚಿಪ್ಸ್ ಕಾರ್ಖಾನೆ ನೋಡುತ್ತದೆ, ಮಂಡಿ ನೋಡುತ್ತದೆ, ನೀನೂ ನೋಡುತ್ತೀಯ.

ಈ ಸಲ ಬೆಳೆ ನೂರಕ್ಕೆ ಐದು ಕಡಿಮೆ ಎಂದು ಹೇಳಿದೆವು. ಐದು ಎಂದರೆ ಏನು ಮಹಾ ಎನ್ನುವವರಿಗೆ ಆಲೂಗಡ್ಡೆ ಗೊತ್ತಿಲ್ಲ. ಅಗ್ಗವಾಯಿತೆಂದು ಯಾರೂ ಎರಡು ಹೊತ್ತು ಹೆಚ್ಚಿಗೆ ಉಣ್ಣುವುದಿಲ್ಲ, ತುಟ್ಟಿಯಾಯಿತೆಂದು ಬಿಡುವುದೂ ಇಲ್ಲ. ಹಾಗಾಗಿ ಐದು ಕಡಿಮೆಯಾದರೆ ಬೆಲೆ ಅಟ್ಟ ಹತ್ತುತ್ತದೆ, ಐದು ಹೆಚ್ಚಾದರೆ ನೆಲ ಕಚ್ಚುತ್ತದೆ. ನೀನು ಮತ್ತು ನಿನ್ನ ಬೆಳೆಗಾರರ ಸಂಘದ ನಲವತ್ತು ಮನೆಯವರು ಆ ಅಂಕಿ ನಂಬಿ ಕೋಲ್ಡ್ ಸ್ಟೋರೇಜಿನಿಂದ ಇನ್ನೂ ಒಂದು ಮೂಟೆ ಹೊರಗೆ ತೆಗೆದಿಲ್ಲ. ಬೆಲೆ ಇನ್ನಷ್ಟು ಏರಲಿ ಎಂದು ಕಾಯುತ್ತಿದ್ದೀರಿ.

ಅಂಕಿ ತಪ್ಪು, ಅಕ್ಕಾ. ಕೊರತೆಯೇ ಇಲ್ಲ. ಎಲ್ಲ ಕಡೆಯ ಸ್ಟೋರೇಜುಗಳ ಲೆಕ್ಕ ಹೋದ ವಾರ ಬಂತು, ಎಲ್ಲವೂ ಬಾಗಿಲವರೆಗೆ ತುಂಬಿವೆ. ಕೊನೆಯಲ್ಲಿ ಬಂದ ಮಳೆಗೆ ಗಡ್ಡೆ ಊದಿಕೊಂಡಿತು, ಅದಕ್ಕೆ ಹೀಗಾಗಿದೆ ಎಂದು ನಮ್ಮ ಸಾಹೇಬರು ಹೇಳುತ್ತಾರೆ. ಹಾಗೇ ಇರಬೇಕು. ಶುಕ್ರವಾರ ತಿದ್ದಿದ ಅಂಕಿ ಹೊರಬೀಳುತ್ತದೆ.

ಡ್ರಿಲ್ ನಿಂತಿತು. ಏಳುತ್ತೇನೆ.

ತಾರೀಕು ೬, ಮಂಗಳವಾರ

ನಿನ್ನೆ ಸಂಜೆ ನೀನೇ ಫೋನು ಮಾಡಿಬಿಟ್ಟೆ. ಮಂಡಿಯವನು ಒಳ್ಳೆಯ ಬೆಲೆ ಹೇಳುತ್ತಿದ್ದಾನೆ, ತೆಗೀಲಾ ಇಡ್ಲಾ ಎಂದು ಕೇಳಿದೆ. ಪ್ರತಿ ವರ್ಷ ಕೇಳುತ್ತೀಯ, ಪ್ರತಿ ವರ್ಷ ನಾನು ಒಂದು ಗಂಟೆ ಭಾಷಣ ಬಿಗಿದು ಕೊನೆಗೆ ನನ್ನನ್ನು ಕೇಳಬೇಡ ಎನ್ನುತ್ತೇನೆ. ನಿನ್ನೆ ಮಾತ್ರ ಹೊಸ ಪರದೆ ತಂದೆ ಎಂದೆ. ಪರದೆಯ ಬಣ್ಣ ಹೇಳಿದೆ, ಉದ್ದ ಹೇಳಿದೆ, ದರ್ಜಿ ಮಡಿಕೆ ಹೊಲಿಯುವಾಗ ಸೊಟ್ಟ ಮಾಡಿದ್ದು ಹೇಳಿದೆ. ಕಾಲು ಗಂಟೆ. ನೀನು ಹೂಂ, ಹೂಂ ಎನ್ನುತ್ತಿದ್ದೆ. ನನ್ನ ಮನೆಗೆ ಹೊಸ ಪರದೆ ಬಂದೇ ಇಲ್ಲ.

ಆಮೇಲೆ ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಯೆಲ್ಲ ಓಡಾಡಿದೆ. ಒಂದು ಮಾತು ಸಾಕಿತ್ತು, ತೆಗಿ ಎಂದು. ನೀನು ಉಳಿದುಕೊಳ್ಳುತ್ತಿದ್ದೆ. ಆದರೆ ನಿನ್ನ ಮೂಟೆಗಳನ್ನು ಈ ಬೆಲೆಗೆ ಕೊಂಡವನು? ಅವನಿಗೆ ಅಕ್ಕತಂಗಿಯರು ಇಲ್ಲವೇ? ಬೇರೆ ಜಿಲ್ಲೆಯ ಬೆಳೆಗಾರರಿಗೆ ಆಫೀಸಿನಲ್ಲಿ ತಂಗಿ ಇಲ್ಲವಲ್ಲ, ಅವರು? ಹೀಗೆ ನ್ಯಾಯ ಮಾತಾಡುತ್ತೇನೆ, ಮರುಕ್ಷಣ ಫೋನು ಕೈಗೆ ತೆಗೆದುಕೊಳ್ಳುತ್ತೇನೆ. ಕೊನೆಗೆ ಅದನ್ನು ಬಟ್ಟೆಯ ಬೀರುವಿನಲ್ಲಿ ಚಳಿಗಾಲದ ಅಂಗಿಗಳ ಅಡಿಗೆ ತುರುಕಿ ಬೀಗ ಹಾಕಿದೆ.

ಇನ್ನೊಂದು ವಿಷಯ. ಭಾನುವಾರ ಬರೆದದ್ದರಲ್ಲಿ ಒಂದು ಸುಳ್ಳಿದೆ. ಮಳೆ ಅಂದೆನಲ್ಲ, ಅದು.

ಇವತ್ತು ಊಟದ ಹೊತ್ತಿನಲ್ಲಿ ನನ್ನ ಹೊಲದ ಪುಸ್ತಕ ತೆಗೆದೆ. ನಮ್ಮ ನಿಯಮ ಒಂದೇ: ಗಿಡದ ಸೊಪ್ಪು ಒಣಗಿ, ಅದನ್ನು ಕೊಯ್ದು ಹಾಕಿದ ಮೇಲೆಯೇ ಮಾದರಿ ಅಗೆಯಬೇಕು. ನಿನಗೆ ಹೇಳಿಕೊಡಬೇಕೇ, ಸೊಪ್ಪು ಹಸಿರಿರುವ ಕೊನೆಯ ಎರಡು ವಾರದಲ್ಲೇ ಗಡ್ಡೆ ದಪ್ಪವಾಗುವುದು. ನನ್ನ ಅರವತ್ತು ಹೊಲಗಳಲ್ಲಿ ಐವತ್ನಾಲ್ಕನ್ನು ನಾನು ಸೊಪ್ಪು ಹಸಿರಿರುವಾಗಲೇ ಅಗೆದಿದ್ದೇನೆ. ಹನ್ನೆರಡು ದಿನ ಮೊದಲು. ನನ್ನ ಮೂರು ಜಿಲ್ಲೆಯಲ್ಲೇ ದೇಶದ ಕಾಲುಭಾಗ ಬೆಳೆ, ಅದರಲ್ಲಿ ಐದರಲ್ಲೊಂದು ಪಾಲು ನನ್ನ ತಕ್ಕಡಿಗೆ ಬರಲೇ ಇಲ್ಲ. ಕೂಡಿಸಿ ನೋಡು. ಅದೇ ನೂರಕ್ಕೆ ಐದು.

ಯಾಕೆ ಅಷ್ಟು ಬೇಗ ಅಗೆದೆ ಎಂದರೆ, ಆ ತಿಂಗಳ ಹದಿನೇಳಕ್ಕೆ ನಿನ್ನ ಆಪರೇಷನ್ ಇತ್ತು.

ನೀನು ಬರಬೇಡವೆಂದೇ ಹೇಳಿದ್ದೆ. ಪಿತ್ತಕೋಶದ ಕಲ್ಲಿಗೆಲ್ಲ ಯಾರು ಹೆದರ್ತಾರೆ, ನಿನ್ನ ಅಗೆತ ನೋಡಿಕೋ ಎಂದು ಗದರಿದ್ದೆ. ನನಗೆ ಇಲ್ಲಿ ಇರಲಾಗಲಿಲ್ಲ. ಅಮ್ಮ ಆಪರೇಷನ್ ಕೋಣೆಗೆ ನಗುತ್ತ ಹೋದವಳು ತಿರುಗಿ ಬಾರದ್ದು ನೆನಪಾಗುತ್ತಿತ್ತು. ಅರವತ್ತು ಹೊಲವನ್ನು ಒಂಬತ್ತು ದಿನದಲ್ಲಿ ಓಡಿ ಮುಗಿಸಿದೆ, ಎರಡು ಚಪ್ಪಲಿ ಹರಿದವು. ಗಡ್ಡೆಯ ಸಿಪ್ಪೆ ಹೆಬ್ಬೆರಳು ತಾಗಿದರೆ ಸುಲಿದು ಬರುತ್ತಿತ್ತು. ಎಳೆಯದೆಂದು ಕೈಗೆ ತಿಳಿಯಿತು, ಆದರೂ ತೂಕ ಬರೆದುಕೊಂಡೆ. ಆಸ್ಪತ್ರೆಯಲ್ಲಿ ನೀನು ಕಣ್ಣು ಬಿಟ್ಟು, ಕೆಲಸ ಬಿಟ್ಟು ಬಂದ್ಯಾ ಎಂದು ಕೇಳಿದಾಗ ಎಲ್ಲ ಮುಗಿಸಿಯೇ ಬಂದೆ ಎಂದೆ. ನಿನ್ನ ಮೇಲೆ ಹೊರಿಸುತ್ತಿಲ್ಲ ಅಕ್ಕಾ. ನೀನು ಕರೆದಿರಲಿಲ್ಲ, ಬಂದವಳು ನಾನು. ಇನ್ನೊಂದು ಸಲ ಹಾಗಾದರೂ ಓಡಿ ಬರುತ್ತೇನೆ ಎಂಬುದೇ ನನಗೆ ಹೆದರಿಕೆ.

ತಾರೀಕು ೭, ಬುಧವಾರ, ಸಂಜೆ

ಮಾಡಿಬಿಟ್ಟೆ.

ಅಂಕಿ ತಿದ್ದುವ ಫಾರಮಿನಲ್ಲಿ "ತಿದ್ದುಪಡಿಗೆ ಕಾರಣ" ಎಂಬ ಕಾಲಂ ಇದೆ. ಸಾಹೇಬರು ಅಲ್ಲಿ ಮಳೆ ಎಂದು ಬರೆದು ಸಹಿಗೆ ನನ್ನ ಮೇಜಿಗೆ ಕಳಿಸಿದ್ದರು. ಬೆಳಿಗ್ಗೆಯಿಂದ ಆ ಕಾಗದವನ್ನು ನೋಡಿದೆ, ಅದೂ ನನ್ನನ್ನು ನೋಡಿತು. ಕೆಳಗಿಳಿದು ಕಾಫಿ ಕುಡಿದೆ. ಆಫೀಸಿನ ಮೂಲೆಯಲ್ಲಿ ಆಲೂಗಡ್ಡೆ ಕರಿದು ಮಾರುವ ಹೆಂಗಸು, ನಿಮ್ಮ ಆಫೀಸಿನೋರ ದಯೆಯಿಂದ ಪೊಟ್ಟಣ ಅರ್ಧ ಆಯ್ತು, ಗಿರಾಕಿ ಉಗೀತಾರೆ ನನಗೆ ಎಂದಳು. ನಗುತ್ತಲೇ ಹೇಳಿದಳು. ನಾನು ಮೆಟ್ಟಿಲು ಹತ್ತಿ ಮೇಜಿಗೆ ಮರಳಿದೆ.

ಮಳೆ ಎಂದು ಬರೆದರೆ ಸುಳ್ಳು ಇಲ್ಲಿಗೇ ಮುಗಿಯುವುದಿಲ್ಲ. ಬರುವ ವರ್ಷ ಕೊನೆಯಲ್ಲಿ ಹನಿ ಬಿದ್ದರೆ ಸಾಕು, ಅಂಕಿಗೆ ಐದು ಸೇರಿಸಿಬಿಡುತ್ತಾರೆ. ಎಲ್ಲರೂ ಸರಿಯಾಗಿ ಅಗೆದಿದ್ದರೂ ಲೆಕ್ಕ ಊದಿಕೊಳ್ಳುತ್ತದೆ, ಬೆಲೆ ಬೀಳುತ್ತದೆ, ನಿನ್ನಂಥವರ ಒಂದು ವರ್ಷದ ದುಡಿಮೆ ಸುಮ್ಮಸುಮ್ಮನೆ ಹೋಗುತ್ತದೆ. ಮಳೆ ಎಂಬುದನ್ನು ಹೊಡೆದು ಹಾಕಿ ಬರೆದೆ: ಮೂರು ಜಿಲ್ಲೆಗಳ ಮಾದರಿಯನ್ನು ಹನ್ನೆರಡು ದಿನ ಮೊದಲೇ ಅಗೆಯಲಾಗಿದೆ, ತಪ್ಪು ನನ್ನದು. ಹೆಸರು, ಸಹಿ, ತಾರೀಕು.

ಸಾಹೇಬರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಓದಿದರು. ಅಲ್ಲಮ್ಮಾ, ನಿಮ್ಮನ್ನ ಯಾರಾದ್ರೂ ಕೇಳಿದ್ರಾ ಎಂದರು. ಇಪ್ಪತ್ತು ವರ್ಷದಿಂದ ಆ ಕಾಲಂನಲ್ಲಿ ಮಳೆ, ಬಿಸಿಲು, ಹುಳ ಬಿಟ್ಟರೆ ಯಾರೂ ಇನ್ನೊಂದು ಬರೆದಿಲ್ಲವಂತೆ. ಹರಿದು ಹಾಕಿ ಹೊಸ ಫಾರಂ ಕೊಡ್ತೀನಿ ಎಂದರು. ಬೇಡ ಸಾರ್ ಎಂದೆ. ಒಳ್ಳೆಯ ಮನುಷ್ಯ. ಶುಕ್ರವಾರದ ಪ್ರಕಟಣೆ ಮುಗಿಯುವವರೆಗೆ ಇರಿ, ಆಮೇಲೆ ಬರಬೇಡಿ ಎಂದು ಕಾಗದ ಕೊಟ್ಟರು. ವಿಚಾರಣೆ ಎಂಬುದು ಬರೀ ಮಾತಿಗೆ. ಹತ್ತೊಂಬತ್ತು ವರ್ಷದ ಕೆಲಸ ಸಂಜೆ ನಾಲ್ಕೂವರೆಗೆ ಮುಗಿಯಿತು.

ಬೀದಿಗೆ ಬಂದಾಗ ಹಗುರ ಅನಿಸುತ್ತದೆ ಎಂದುಕೊಂಡಿದ್ದೆ. ಇಲ್ಲ. ಬಸ್ಸು ಎರಡು ಸಲ ತಪ್ಪಿಸಿಕೊಂಡೆ. ನಿನ್ನ ಮೂಟೆಗಳು ಇನ್ನೂ ಅಲ್ಲೇ ಇವೆಯಲ್ಲ.

ತಾರೀಕು ೯, ಶುಕ್ರವಾರ, ಮಧ್ಯಾಹ್ನ

ಬೆಳಿಗ್ಗೆ ಏಳಕ್ಕೆ ನಮ್ಮನ್ನೆಲ್ಲ ಒಂದು ಕೋಣೆಗೆ ಹಾಕಿ ಹೊರಗಿನಿಂದ ಚಿಲಕ ಹಾಕಿದರು. ಅಂಕಿ ಹೊರಬೀಳುವ ದಿನ ಯಾವಾಗಲೂ ಹೀಗೆಯೇ. ಫೋನುಗಳು ತಗಡಿನ ಪೆಟ್ಟಿಗೆಯಲ್ಲಿ, ಕಿಟಕಿಗೆ ಪರದೆ. ಕೊನೆಯ ಸಲ ಎಂದು ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ನನ್ನ ಮುಖ ನೋಡಲಿಲ್ಲ, ಒಬ್ಬಾಕೆ ಮಾತ್ರ ತನ್ನ ಬಿಸ್ಕತ್ತಿನ ಪೊಟ್ಟಣವನ್ನೇ ನನ್ನ ಕಡೆ ದೂಡಿದಳು. ಹನ್ನೊಂದಕ್ಕೆ ಬಾಗಿಲು ತೆರೆಯಿತು. ಹನ್ನೊಂದೂಕಾಲಿಗೆ ಮಂಡಿಯಲ್ಲಿ ಬೆಲೆ ಜಾರಿತು. ಊಟದ ಹೊತ್ತಿಗೆ ನೆಲ ಕಚ್ಚಿತ್ತು. ಬಂದರಿನಲ್ಲಿ ಸರ್ಕಾರ ತರಿಸಿದ ಎರಡು ಹಡಗು ಬೇರೆ ನಿಂತಿವೆ, ನನ್ನ ತಪ್ಪು ಅಂಕಿ ನಂಬಿ ಬಂದವು.

ನಿನಗೆ ಫೋನು ಮಾಡಿದೆ. ಭಾವ ಎತ್ತಿದರು, ಅವಳು ಸ್ಟೋರೇಜಿಗೆ ಹೋಗಿದ್ದಾಳೆ ಎಂದಷ್ಟೇ ಹೇಳಿದರು. ದನಿ ಸರಿ ಇರಲಿಲ್ಲ.

ಅಕ್ಕಾ, ನಿನಗೆ ಎಷ್ಟು ಹೋಯಿತು, ಆ ನಲವತ್ತು ಮನೆಗೆ ಎಷ್ಟು ಹೋಯಿತು ಎಂದು ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದೂ ಸೋಮವಾರ ನಿನಗೆ ಪರದೆಯ ಕಥೆ ಹೇಳಿದೆ. ಕ್ಷಮಿಸು ಎಂದು ಕೇಳುವುದಿಲ್ಲ, ನೀನು ತಟಕ್ಕನೆ ಕ್ಷಮಿಸಿಬಿಡುತ್ತೀಯ, ಅದನ್ನು ನಾನು ತಡೆದುಕೊಳ್ಳಲಾರೆ. ಬೈದುಬಿಡು. ಸಂಘದವರ ಎದುರಿಗೇ ಬೈ, ನಾನು ಬಂದು ನಿಲ್ಲುತ್ತೇನೆ. ಈ ಕಾಗದ ನಿನ್ನ ಕೈಸೇರಲಿ, ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಮನೆಯೊಳಗೆ ಬಿಟ್ಟುಕೊಳ್ಳುವುದು ಬಿಡುವುದು ನಿನಗೆ ಬಿಟ್ಟದ್ದು.

ನಿನ್ನ ತಂಗಿ,
ತೂಕ ತಪ್ಪಿದ ತೂಕದಮ್ಮ

ತಾ. ಕ. – ಶನಿವಾರ. ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಭಾವನ ಫೋನು ಬಂತು. ತಂಗಿಗೆ ಹೇಳಿದರೆ ನೋಡಿ ಎಂದು ನೀನು ಹೆದರಿಸಿದ್ದೆಯಂತೆ, ಆದರೂ ಹೇಳಿದರು. ಸೋಮವಾರ ಫೋನಿಟ್ಟವಳೇ ನೀನು ಭಾವನ ಹತ್ತಿರ, ಅವಳು ಕಾಲು ಗಂಟೆ ಪರದೆ ಬಗ್ಗೆ ಮಾತಾಡಿದ್ಲು ಅಂದ್ರೆ ಬೆಲೆ ಬೀಳುತ್ತೆ ಎಂದೆಯಂತೆ. ಗುರುವಾರ ಬೆಳಿಗ್ಗೆ ಮೂರು ಲಾರಿ ಕರೆಸಿ, ಹಮಾಲರನ್ನು ನಿಲ್ಲಿಸಿ, ಸ್ಟೋರೇಜಿನ ಬಾಗಿಲೂ ತೆಗೆಸಿದೆಯಂತೆ. ಆಮೇಲೆ ಏನು ತೋಚಿತೋ, ಮುಚ್ಚಿ ಬಾಗಿಲು ಎಂದೆಯಂತೆ. ನಾಳೆ ಅಂಕಿ ಬರುತ್ತೆ, ಇವತ್ತು ನಾನು ಖಾಲಿ ಮಾಡಿದ್ರೆ ತಂಗಿಯೇ ಹೇಳಿಕೊಟ್ಲು ಅಂತಾರೆ, ಅವಳ ಕೆಲಸ ಹೋಗುತ್ತೆ ಎಂದು ಭಾವನ ಜೊತೆ ಜಗಳಾಡಿ, ಲಾರಿಗಳನ್ನು ಖಾಲಿಯಾಗಿ ವಾಪಸ್ ಕಳಿಸಿದೆಯಂತೆ. ನಲವತ್ತು ಮನೆಯಲ್ಲಿ ಒಬ್ಬರಿಗೂ ಉಸಿರು ಬಿಡಲಿಲ್ಲವಂತೆ. ಅಯ್ಯೋ ಅಕ್ಕಾ, ಮೇಲೆ ಬರೆದದ್ದನ್ನು ಓದಿದೆಯಲ್ಲ. ನೀನು ಗುರುವಾರ ಉಳಿಸಿದ ಆ ಕೆಲಸ ಬುಧವಾರ ಸಂಜೆಯೇ ಹೋಗಿತ್ತು ಕಣೇ.